ಎರೆಮಣ್ಣು, ಬಿಳಿಯ ಧೋತರ ಮತ್ತು ಕ್ಯಾಮೆರಾದ ಕಣ್ಣು

ಬೆಳಕಿನ ಬರಗಾಲವನ್ನು ಅರಿಯದ ಊರು ಜವಳಗೇರಾ. ಸಿಂಧನೂರಿನಿಂದ ರಾಯಚೂರಿನತ್ತ ಸಾಗುವ ಹೆದ್ದಾರಿಯ ಮೇಲಿರುವ ಈ ಗ್ರಾಮದಲ್ಲಿ ಮಳೆಗೆ ಕೊರತೆಯುಂಟು, ಕಾಲುವೆಯ ನೀರಿಗೆ ಕಾಯುವ ಕಷ್ಟವುಂಟು. ಬಿಸಿಲಿಗೆ ಮಾತ್ರ ಎಂದೂ ಬಡತನವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಅವುಗಳ ನಡುವೆ ಕಪ್ಪಗೆ ಮೈಚೆಲ್ಲಿರುವ ಎರೆಹೊಲಗಳು, ರಾಷ್ಟ್ರೀಯ ಬೀಜ ನಿಗಮದ ವಿಶಾಲವಾದ ಕೃಷಿಕ್ಷೇತ್ರ, ಕೆರೆಯಂಗಳಕ್ಕೆ ಇಳಿಯುವ ಎಮ್ಮೆಗಳ ಸಾಲು, ಬಿಳಿಯ ಧೋತರದ ಹಿರಿಯರು - ಛಾಯಾಗ್ರಾಹಕನಿಗೆ ಇನ್ನೇನು ಬೇಕು? ಬೆಳಕನ್ನೇ ಲೇಖನಿಯಾಗಿಸಿ ಚಿತ್ರ ಬರೆಯುವ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿ ದೊರೆತೀತು?

ಆದರೂ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹಬ್ಬಕ್ಕೆಂದು ಈ ಸೀಮೆಗೆ ಬಂದ ಕುಟುಂಬವೊಂದು ಮರಳಿ ಹೋಗಿ ಚಿತ್ರಗಳನ್ನು ತೆರೆದು ನೋಡಿದಾಗ ಆಗುವುದು ಬಹುಮಟ್ಟಿಗೆ ನಿರಾಶೆಯೇ. ಆಕಾಶವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಅಜ್ಜಿಯ ಕಣ್ಣುಗಳಿರಬೇಕಾದಲ್ಲಿ ಎರಡು ಕಪ್ಪು ಗುಳಿಗಳಿವೆ. ಕರಿಯ ಎಮ್ಮೆ ಬೂದಿ ಬಳಿದುಕೊಂಡಂತಿದೆ. ಬಿಳಿಯ ಧೋತರ ಮಾಸಿದೆ. ದೋಷವೆಲ್ಲ ಕ್ಯಾಮೆರಾದ್ದೆಂದು ಬಗೆದು, ಇನ್ನೂ ಬೆಲೆಬಾಳುವ ಯಂತ್ರವೊಂದನ್ನು ಕೊಳ್ಳುವ ಆಲೋಚನೆ ಮನೆಯಲ್ಲಿ ಮೊದಲಾಗುತ್ತದೆ. ನಿಜವಾಗಿ ಅಲ್ಲಿ ಕೆಟ್ಟಿದ್ದು ಯಂತ್ರವಲ್ಲ. ಯಂತ್ರಕ್ಕೆ ಯಾವುದು ತಿಳಿಯದೋ ಅದನ್ನು ಅದಕ್ಕೆ ಯಾರೂ ತಿಳಿಸಿಕೊಡಲಿಲ್ಲ, ಅಷ್ಟೆ.

ಬಿಸಿಲಿನ ವೇಳಾಪಟ್ಟಿ

ಜವಳಗೇರಾ ಉತ್ತರ ಅಕ್ಷಾಂಶ 16 ಡಿಗ್ರಿಗೆ ತುಸು ಕೆಳಗಿದೆ. ಆದುದರಿಂದ ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಮತ್ತೊಮ್ಮೆ, ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಮನುಷ್ಯನ ಮುಖದ ಮೇಲಾದರೋ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ, ಮೂಗಿನ ನೆರಳು ತುಟಿಗೆ ಮೀಸೆಯಾಗುತ್ತದೆ. ಇಂಥ ಬೆಳಕಿನಲ್ಲಿ ಚೆಲುವೆಯೂ ಚೆಲುವೆಯಾಗಿ ಕಾಣಲಾರಳು.

ಒಳ್ಳೆಯ ಚಿತ್ರದ ಮೊದಲನೆಯ ನಿಯಮ ಇದರಿಂದಲೇ ಹೊರಡುತ್ತದೆ. ಸೂರ್ಯೋದಯದ ನಂತರದ ಒಂದೂವರೆ ಗಂಟೆ, ಸೂರ್ಯಾಸ್ತದ ಮೊದಲಿನ ಒಂದೂವರೆ ಗಂಟೆ - ಇವು ಬಯಲುಸೀಮೆಯ ಛಾಯಾಗ್ರಾಹಕನ ಸುಗ್ಗಿಯ ಹೊತ್ತು. ಆಗ ಬೆಳಕು ಓರೆಯಾಗಿ ಬೀಳುತ್ತದೆ. ಉಳುಮೆಯ ಒಂದೊಂದು ಸಾಲೂ, ಭತ್ತದ ಒಂದೊಂದು ತೆನೆಯೂ ತನ್ನದೇ ನೆರಳನ್ನು ಪಡೆದು ಎದ್ದು ನಿಲ್ಲುತ್ತದೆ. ಮಟ್ಟಸವಾದ ಭೂಮಿಗೆ ಏರಿಳಿತ ಬರುವುದು ಈ ನೆರಳಿನಿಂದಲೇ. ಬೆಟ್ಟಗುಡ್ಡಗಳಿಲ್ಲದ ಸೀಮೆಯಲ್ಲಿ ಚಿತ್ರಕ್ಕೆ ಆಳವನ್ನು ತಂದುಕೊಡಬಲ್ಲುದು ನೆರಳೊಂದೇ ಎಂದರೂ ತಪ್ಪಲ್ಲ.

ಮಧ್ಯಾಹ್ನದಲ್ಲಿಯೇ ತೆಗೆಯಬೇಕಾಗಿ ಬಂದರೆ? ಮದುವೆಯ ಅಕ್ಷತೆ ಸಂಜೆಯವರೆಗೆ ಕಾಯುವುದಿಲ್ಲವಷ್ಟೆ! ಆಗ ಜನರನ್ನು ಬಿಸಿಲಿನಿಂದ ಈಚೆಗೆ, ಮನೆಯ ಪಡಸಾಲೆಯ ಅಂಚಿಗೋ ಬೇವಿನ ದಟ್ಟ ನೆರಳಿಗೋ ಕರೆತರಬೇಕು. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದಿರುವ ತಾಣವನ್ನು ಆರಿಸಿಕೊಂಡು, ತೆರೆದ ಆಕಾಶದ ಕಡೆಗೆ ಮುಖಮಾಡಿ ನಿಲ್ಲಿಸಿದರೆ ಮೆದುವಾದ ಬೆಳಕು ತಾನಾಗಿಯೇ ದೊರೆಯುತ್ತದೆ. ಅದಕ್ಕೂ ಅವಕಾಶವಿಲ್ಲದಿದ್ದರೆ ಹಗಲಿನಲ್ಲಿಯೇ ಫ್ಲ್ಯಾಶ್ ಬಳಸಿ ಕಣ್ಣಿನ ನೆರಳನ್ನು ತಿಳಿಗೊಳಿಸಬಹುದು. ಕತ್ತಲೆಗಿಂತಲೂ ಉರಿಬಿಸಿಲಿನಲ್ಲಿಯೇ ಫ್ಲ್ಯಾಶಿನ ಸದುಪಯೋಗ ಹೆಚ್ಚೆಂಬುದನ್ನು ಎಷ್ಟೋ ಮಂದಿ ಅರಿಯರು. ಆದರೆ ಅದರ ಶಕ್ತಿಗೆ ಮಿತಿಯಿದೆ. ದೂರ ಎರಡು ಪಟ್ಟಾದರೆ ಅದರ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಜಾತ್ರೆಯ ರಾತ್ರಿ ನೂರು ಮಾರು ದೂರದ ತೇರಿನ ಕಡೆಗೆ ಫ್ಲ್ಯಾಶ್ ಮಿಂಚಿಸುವುದು ಕಡಲಿಗೆ ಚೊಂಬಿನಿಂದ ನೀರು ಸುರಿದಂತೆ.

ಯಂತ್ರ ಬಲ್ಲುದು ಬೂದುಬಣ್ಣವೊಂದನ್ನೇ

ಇನ್ನು ಬೂದಿ ಬಳಿದ ಎಮ್ಮೆಯ ರಹಸ್ಯ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮಾಪಕವೊಂದಿದೆ. ತನ್ನೆದುರಿಗೆ ಇರುವುದು ಎಮ್ಮೆಯೋ, ಹತ್ತಿಯ ರಾಶಿಯೋ, ಎರೆಹೊಲವೋ ಎಂಬುದು ಆ ಬಡ ಮಾಪಕಕ್ಕೆ ತಿಳಿಯದು. ಜಗತ್ತಿನ ವಸ್ತುಗಳೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದವೆಂದು, ಎಂದರೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18 ಪಾಲನ್ನು ಹಿಂದಿರುಗಿಸುವಂಥವೆಂದು ಅದು ನಂಬಿರುತ್ತದೆ. ಬಿಳಿಯ ಧೋತರವನ್ನು ಕಂಡೊಡನೆ 'ಬೆಳಕು ಅತಿಯಾಯಿತು' ಎಂದು ಕಡಿತ ಮಾಡುತ್ತದೆ, ಧೋತರ ಮಾಸುತ್ತದೆ. ಎರೆಮಣ್ಣನ್ನು ಕಂಡೊಡನೆ 'ಬೆಳಕು ಸಾಲದು' ಎಂದು ಹೆಚ್ಚಿಸುತ್ತದೆ. ಕಪ್ಪು ನೆಲ ಬೂದಿಯಾಗುತ್ತದೆ. ಈಚಿನ ಕ್ಯಾಮೆರಾಗಳು ದೃಶ್ಯವನ್ನು ಹಲವು ಭಾಗಗಳಾಗಿ ಅಳೆದು, ಮುಖಗಳನ್ನು ಗುರುತಿಸಿ ಜಾಣತನ ತೋರುತ್ತವೆ, ನಿಜ. ಆದರೂ ಚೌಕಟ್ಟಿನ ತುಂಬ ಒಂದೇ ಬಣ್ಣವಿದ್ದಾಗ ಹಳೆಯ ಭ್ರಮೆ ಮರಳುತ್ತದೆ.

ಪರಿಹಾರ ಸುಲಭ. ಬಹುತೇಕ ಎಲ್ಲ ಕ್ಯಾಮೆರಾಗಳಲ್ಲಿಯೂ ಅಧಿಕ ಮತ್ತು ಋಣ ಚಿಹ್ನೆಗಳಿರುವ ಗುಂಡಿಯೊಂದಿದೆ. ಮೊಬೈಲ್ ಫೋನಿನಲ್ಲಾದರೆ ಪರದೆಯನ್ನು ಮುಟ್ಟಿದಾಗ ಸೂರ್ಯನ ಗುರುತೊಂದು ಮೂಡುತ್ತದೆ. ಬಿಳಿಯ ವಸ್ತು ಚೌಕಟ್ಟನ್ನು ತುಂಬಿದಾಗ ಅಧಿಕದ ಕಡೆಗೆ ಒಂದು ಮೆಟ್ಟಿಲು, ಕರಿಯದು ತುಂಬಿದಾಗ ಋಣದ ಕಡೆಗೆ ಒಂದು ಮೆಟ್ಟಿಲು - ಇಷ್ಟು ಮಾಡಿದರೆ ಧೋತರ ಧೋತರವಾಗಿ, ಎಮ್ಮೆ ಎಮ್ಮೆಯಾಗಿ ಉಳಿಯುತ್ತದೆ. ಒಂದೇ ಚೌಕಟ್ಟಿನಲ್ಲಿ ಎರಡೂ ಬಂದರೆ ಬಿಳಿಯದನ್ನು ಕಾಪಾಡಿಕೊಳ್ಳುವುದೇ ಕ್ಷೇಮ. ಡಿಜಿಟಲ್ ಚಿತ್ರದಲ್ಲಿ ಕತ್ತಲೆಯೊಳಗೆ ಅಡಗಿದ ವಿವರವನ್ನು ಅಷ್ಟಿಷ್ಟು ಮೇಲೆತ್ತಬಹುದು. ಅತಿಬೆಳಕಿಗೆ ಸುಟ್ಟುಹೋದ ಬಿಳುಪಿನಲ್ಲಿ ವಿವರವೇ ಇರುವುದಿಲ್ಲವಾದ ಕಾರಣ ಯಾವ ಉಪಾಯದಿಂದಲೂ ಅದನ್ನು ಮರಳಿ ಪಡೆಯಲಾಗದು.

ನೀರಿನ ಲೆಕ್ಕ, ಬೆಳಕಿನ ಲೆಕ್ಕ

ಕ್ಯಾಮೆರಾಕ್ಕೆ ಬೆಳಕು ಹಾಯಿಸುವುದೂ ಗದ್ದೆಗೆ ನೀರು ಹಾಯಿಸುವುದೂ ಒಂದೇ ಬಗೆಯ ಲೆಕ್ಕ. ತೂಬನ್ನು ಎಷ್ಟು ಅಗಲ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು, ಬೆಳೆ ಎಷ್ಟು ನೀರಿನಲ್ಲಿ ತಣಿಯುತ್ತದೆ - ಕಾಲುವೆಯ ಕೆಳಗಿನ ರೈತನು ನಿತ್ಯ ಮಾಡುವ ಈ ಮೂರು ಎಣಿಕೆಗಳನ್ನೇ ಛಾಯಾಗ್ರಾಹಕನೂ ಮಾಡುತ್ತಾನೆ. ಮಸೂರದ ದ್ಯುತಿರಂಧ್ರವೇ ತೂಬು, ಶಟರಿನ ವೇಗವೇ ಕಾಲ, ಐ.ಎಸ್.ಓ. ಎಂಬ ಅಂಕಿಯೇ ಬೆಳೆಯ ದಾಹ.

ತೂಬು ದೊಡ್ಡದಾದಷ್ಟೂ, ಎಂದರೆ ಎಫ್ 2ರಂಥ ಚಿಕ್ಕ ಅಂಕಿಯಾದಷ್ಟೂ, ಮುಖವೊಂದೇ ಸ್ಫುಟವಾಗಿ ನಿಂತು ಹಿನ್ನೆಲೆ ಮಸುಕಾಗುತ್ತದೆ. ಎಫ್ 8ಕ್ಕೆ ಇಳಿಸಿದರೆ ಮುಂದಿನ ತೆನೆಯಿಂದ ಹಿಂದಿನ ಊರಿನವರೆಗೂ ಸ್ಪಷ್ಟತೆ ಹಬ್ಬುತ್ತದೆ. ಶಟರಿನ ಮಾತೂ ಹೀಗೆಯೇ. ಓಡುವ ಮಗುವನ್ನು ಹಿಡಿಯಲು ಸೆಕೆಂಡಿನ 500ನೆಯ ಒಂದು ಪಾಲು ಬೇಕು. ಸಸಿ ನಾಟಿ ಮಾಡುವ ಕೈಗಳಿಗೆ 250ನೆಯ ಒಂದು ಪಾಲು ಸಾಕು. ಕೈ ನಡುಗಿದ ಚಿತ್ರಕ್ಕೆ ಮುಂದೆ ಮದ್ದಿಲ್ಲ. ಐ.ಎಸ್.ಓ. ಅಂಕಿಯನ್ನು ಏರಿಸಿದರೆ ಕಡಿಮೆ ಬೆಳಕಿನಲ್ಲಿಯೂ ಚಿತ್ರ ಬರುವುದಾದರೂ ಅದರ ಮೈಮೇಲೆ ಮರಳಿನಂಥ ಕಣಗಳು ಏಳುತ್ತವೆ. ಫಿಲ್ಮಿನ ಕಾಲದ ಹಿರಿಯರು ಮಾಪಕವಿಲ್ಲದೆಯೇ ಬಳಸುತ್ತಿದ್ದ ಸೂತ್ರವೊಂದು ಇಂದಿಗೂ ಸತ್ಯ: ನಿಚ್ಚಳ ಬಿಸಿಲಿನಲ್ಲಿ ದ್ಯುತಿರಂಧ್ರವನ್ನು ಎಫ್ 16ಕ್ಕೆ ಇರಿಸಿ, ಐ.ಎಸ್.ಓ. 100 ಆದರೆ ಶಟರನ್ನು 100ನೆಯ ಒಂದು ಪಾಲಿಗೆ ನಿಲ್ಲಿಸಿದರೆ ಬೆಳಕಿನ ಲೆಕ್ಕ ಸರಿಹೋಗುತ್ತದೆ.

ಮೆಗಾಪಿಕ್ಸೆಲ್ ಎಂಬ ಮಾಯೆ

ಅಂಗಡಿಯವನು ಮೊದಲು ಹೇಳುವ ಅಂಕಿ ಮೆಗಾಪಿಕ್ಸೆಲಿನದು. ಕೊನೆಗೆ ಕೇಳಬೇಕಾದ ಅಂಕಿಯೂ ಅದೇ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಬೆಳಕನ್ನು ವಿದ್ಯುತ್ತಾಗಿಸಿ ಎಣಿಸಬಲ್ಲ ಬಿಲ್ಲೆಗೆ ಅಡಿಗಲ್ಲು ಹಾಕಿದರು. ಆ ಸಾಧನೆಗೆ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡ್ಯಾಕ್ ಕಂಪನಿಯ ತರುಣ ಇಂಜಿನಿಯರ್ ಸ್ಟೀವ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೋ ತೂಗುತ್ತಿತ್ತು. 10,000 ಬಿಂದುಗಳ ಒಂದೇ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು! ಬಣ್ಣದ ಸಮಸ್ಯೆಗೆ ಪರಿಹಾರ ಕಂಡವನು ಅದೇ ಕಂಪನಿಯ ಬ್ರೈಸ್ ಬೇಯರ್. 1976ರಲ್ಲಿ ಪೇಟೆಂಟ್ ಪಡೆದ ಅವನ ವಿನ್ಯಾಸದಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಒಂದು ಕೆಂಪನ್ನೂ ಒಂದು ನೀಲಿಯನ್ನೂ ನೋಡಿದರೆ, ಉಳಿದೆರಡು ಹಸಿರನ್ನೇ ನೋಡುತ್ತವೆ. ಮನುಷ್ಯನ ಕಣ್ಣಿಗೆ ಹಸಿರಿನ ಏರಿಳಿತ ಮಿಕ್ಕವುಗಳಿಗಿಂತ ಚೆನ್ನಾಗಿ ತಿಳಿಯುವುದೇ ಇದಕ್ಕೆ ಕಾರಣ. ಭತ್ತದ ನಾಡಿಗೆ ಹೇಳಿ ಮಾಡಿಸಿದ ಕಣ್ಣು!

ಈಗ ಲೆಕ್ಕ ನೋಡೋಣ. ಗೋಡೆಗೆ ತೂಗುಹಾಕುವ 8 ಅಂಗುಲ ಅಗಲ, 10 ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚಿಸಲು ಬೇಕಾಗುವುದು 72 ಲಕ್ಷ ಬಿಂದುಗಳು. 12 ಮೆಗಾಪಿಕ್ಸೆಲಿನ ಸಾಧಾರಣ ಫೋನಿನಲ್ಲಿಯೂ 120 ಲಕ್ಷ ಇರುತ್ತವೆ. ಹೀಗಿರುವಾಗ ಕೊರತೆ ಎಲ್ಲಿ ಬಂತು? ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ದೂರದ್ದನ್ನು ಹತ್ತಿರ ಮಾಡಿಕೊಳ್ಳುವ ಚಪಲದಿಂದ ಬಂತು. ಡಿಜಿಟಲ್ ಹಿಗ್ಗಿಸುವಿಕೆ ಎಂದರೆ ಚಿತ್ರದ ಅಂಚನ್ನು ಕತ್ತರಿಸಿ ಎಸೆಯುವುದೇ ಹೊರತು ಬೇರೇನೂ ಅಲ್ಲ. ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವುದು ಕಾಲುಭಾಗ. ಕಾಲಿದ್ದವನಿಗೆ ನಾಲ್ಕು ಹೆಜ್ಜೆ ಮುಂದೆ ನಡೆಯುವುದೇ ಅತ್ಯುತ್ತಮ ಮಸೂರ.

ಮಸ್ಕಿಯ ಬಂಡೆ ಹೇಳುವ ಪಾಠ

ಓರೆಬೆಳಕಿನ ಮಹಿಮೆಯನ್ನು ಕಾಣಬೇಕೆನ್ನುವವರು ಮಸ್ಕಿಗೆ ಹೋಗಬೇಕು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಅಲ್ಲಿ ಚಿನ್ನಕ್ಕಿಂತ ಹಿರಿದಾದುದು ಬಿತ್ತು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಆ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿತ್ತು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದುಗಳ ದೊರೆ ಅಶೋಕನೇ ಎಂಬ ವಿದ್ವಾಂಸರ ಊಹೆಗೆ ಕಲ್ಲಿನ ಸಾಕ್ಷ್ಯ ಒದಗಿದ್ದು ಮಸ್ಕಿಯಲ್ಲಿ.

ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯ ಅಕ್ಷರಗಳು ಇಂಥ ಬಂಡೆಗಳ ಮೇಲೆ ತೀರ ಸವೆದಿರುತ್ತವೆ. ಎದುರಿನಿಂದ ಬೆಳಕು ಬಿದ್ದರೆ ಕಲ್ಲು ಕೇವಲ ಕಲ್ಲು. ಬೆಳಕು ಒಂದು ಮಗ್ಗುಲಿನಿಂದ, ಬಂಡೆಯ ಮೈಯನ್ನು ಸವರಿಕೊಂಡು ಬಂದಾಗ ಮಾತ್ರ ಪ್ರತಿಯೊಂದು ಗೀರೂ ನೆರಳಿನಿಂದ ತುಂಬಿ ಅಕ್ಷರ ಮಾತಾಡುತ್ತದೆ. ಆದುದರಿಂದ ಊರಿನ ವೀರಗಲ್ಲನ್ನೋ ದೇವಾಲಯದ ಶಾಸನವನ್ನೋ ಚಿತ್ರಿಸುವವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿತ್ರ ತೆಗೆಯಬೇಕು. ನೆರಳಿನ ಜಾಗವಾದರೆ ಬ್ಯಾಟರಿಯ ದೀಪವನ್ನು ಬದಿಯಿಂದ ಹಿಡಿದು, ಕಲ್ಲಿನ ಬಲದಿಂದ, ಎಡದಿಂದ, ಮೇಲಿನಿಂದ ಬೇರೆ ಬೇರೆ ಚಿತ್ರಗಳನ್ನು ತೆಗೆಯಬೇಕು. ಒಂದರಲ್ಲಿ ಕಾಣದ ಅಕ್ಷರ ಮತ್ತೊಂದರಲ್ಲಿ ಕಂಡೀತು. ಕ್ಯಾಮೆರಾವನ್ನು ಕಲ್ಲಿಗೆ ನೇರವಾಗಿ, ಸಮಾನಾಂತರವಾಗಿ ಹಿಡಿಯುವುದೂ, ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನು ಇರಿಸುವುದೂ ಒಳ್ಳೆಯದು. ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು ಮಾತ್ರ ಸಲ್ಲದು. ಚಿತ್ರಕ್ಕಾಗಿ ಮೂಲವನ್ನೇ ಕೆಡಿಸಿದರೆ ಉಳಿದ ಚಿತ್ರಕ್ಕೆ ಅರ್ಥವೇನು? ಸಂರಕ್ಷಿತ ಸ್ಮಾರಕಗಳಲ್ಲಿ ಕ್ಯಾಮೆರಾದ ಮುಕ್ಕಾಲಿಯನ್ನು ಬಳಸಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕೆಂಬುದೂ ನೆನಪಿರಲಿ.

ಇದು ಬರಿಯ ಹವ್ಯಾಸದ ಮಾತಲ್ಲ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತುಂಗಭದ್ರೆಯ ದಕ್ಷಿಣ ದಂಡೆಯ ಹಂಪೆಯಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಹಾಳುಬಿದ್ದ ಗುಡಿಗೋಪುರಗಳನ್ನು ಚಿತ್ರಿಸಿದ. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ ಅವನು ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ನೂರ ಇಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಆ ನಗರದ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲ್ ಪ್ರತಿ ಮಾಡುತ್ತಿದ್ದಾರೆ. ಕಟ್ಟಡದ ಅಡಿಪಾಯಕ್ಕೆ, ರಸ್ತೆಯ ಅಗಲೀಕರಣಕ್ಕೆ ಕಲ್ಲು ಆಹುತಿಯಾಗುವ ಮೊದಲು ಅದರ ಅಕ್ಷರವಾದರೂ ಉಳಿಯಲೆಂಬುದೇ ಈ ಆತುರ.

ಮುಖಕ್ಕೆ ಒಂದು ಬಿಳಿಯ ಬಟ್ಟೆ

ಕಲ್ಲಿಗೆ ಓರೆಬೆಳಕು, ಮುಖಕ್ಕಾದರೋ ಮೆದುಬೆಳಕು. ಮೈಸೂರಿನಲ್ಲಿ ಹುಟ್ಟಿ ಹಿಂದೀ ಚಲನಚಿತ್ರರಂಗದಲ್ಲಿ ಮೆರೆದ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೇ ಫೂಲ್' ಚಿತ್ರಕ್ಕಾಗಿ ಕನ್ನಡಿಗಳಿಂದ ಸೂರ್ಯಕಿರಣವನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದುದು ಪ್ರಸಿದ್ಧವಾದ ಸಂಗತಿ. ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು, 2008ನೆಯ ಸಾಲಿಗೆ, ಪಡೆದವರು ಅವರು. ಅವರ ಉಪಾಯದ ಚಿಕ್ಕ ರೂಪ ಪ್ರತಿಯೊಂದು ಮನೆಯಲ್ಲಿಯೂ ಸಾಧ್ಯ. ಕಿಟಕಿಯ ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿ, ಮತ್ತೊಂದು ಮಗ್ಗುಲಿಗೆ ಬಿಳಿಯ ಹಾಸುಬಟ್ಟೆಯನ್ನು ಯಾರಾದರೂ ಬಿಡಿಸಿ ಹಿಡಿದರೆ ಸಾಕು. ನೆರಳಿನ ಕೆನ್ನೆಗೆ ಬೆಳಕು ಮರಳಿ ಬರುತ್ತದೆ. ಗಮನ ಕಣ್ಣಿನ ಮೇಲಿರಬೇಕು. ಫೋನನ್ನು ಮೂಗಿನ ಬಳಿಗೆ ಒಯ್ಯಬಾರದು. ತೀರ ಸಮೀಪದಿಂದ ನೋಡಿದಾಗ ಮೂಗು ಹಿಗ್ಗಿ ಕಿವಿ ಕುಗ್ಗುತ್ತದೆ. ಐದಾರು ಅಡಿ ಹಿಂದೆ ಸರಿದು ತೆಗೆದರೆ ಮುಖದ ಪ್ರಮಾಣ ಉಳಿಯುತ್ತದೆ.

ಈ ಶ್ರಮ ಏತಕ್ಕೆಂದು ಕೇಳಬಹುದು. ಮನೆಯ ಹಿರಿಯರು ತೀರಿಕೊಂಡ ದಿನ ಎಷ್ಟೋ ಮನೆಗಳಲ್ಲಿ ನಡೆಯುವ ಹುಡುಕಾಟವನ್ನು ಕಂಡವರಿಗೆ ಉತ್ತರ ಬೇಕಾಗಿಲ್ಲ. ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ: ಊಟದ ತಟ್ಟೆ, ರಂಗೋಲಿ, ಹೊಸ ಮೋಟಾರು, ತಮ್ಮದೇ ಮುಖ. ಆದರೆ ಮಾಲೆ ಹಾಕಿಡಲು ತಾಯಿಯ ಒಂದು ನೆಟ್ಟನೆಯ ಚಿತ್ರವಿಲ್ಲ! ಕೊನೆಗೆ ಮತದಾರರ ಗುರುತುಚೀಟಿಯ ಹೆಬ್ಬೆರಳಿನಷ್ಟು ಚಿತ್ರವನ್ನೇ ಸ್ಟುಡಿಯೋದವನು ಹಿಗ್ಗಿಸುತ್ತಾನೆ. ಬೆದರಿದ ಕಣ್ಣಿನ, ಮಸುಕಾದ ಆ ಮುಖವೇ ಮೊಮ್ಮಕ್ಕಳ ಪಾಲಿಗೆ ಅಜ್ಜಿಯಾಗಿ ಗೋಡೆಯ ಮೇಲೆ ಉಳಿಯುತ್ತದೆ. ಅವಳು ನಗುತ್ತಿದ್ದಳೆಂಬುದು ಅವಳನ್ನು ಕಂಡವರೊಡನೆಯೇ ಕಳೆದುಹೋಗುತ್ತದೆ. ಕಿಟಕಿಯ ಬಳಿ ಕಳೆಯಬಹುದಾಗಿದ್ದ ಹತ್ತು ನಿಮಿಷಗಳ ಬೆಲೆ ಇಷ್ಟು.

ಕೇಳಿ ತೆಗೆದ ಚಿತ್ರ

ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಹೆಂಗಸರು ಯಾರದೋ ಹವ್ಯಾಸಕ್ಕೆ ಒದಗಿದ ನೋಟವಲ್ಲ. ಮೊದಲು ಎರಡು ಮಾತು, ಬಳಿಕ ಅನುಮತಿ, ಆಮೇಲೆ ಚಿತ್ರ - ಇದು ಸಭ್ಯತೆಯೂ ಹೌದು, ಕಲೆಯೂ ಹೌದು; ನಂಬಿಕೆ ಬಂದ ಮುಖವೇ ಬೇರೆ, ಬೆದರಿದ ಮುಖವೇ ಬೇರೆ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಸಾಮಾನ್ಯರು ಅಷ್ಟು ಸಹಜವಾಗಿ ಕಾಣುವುದು ಕ್ಯಾಮೆರಾದ ಮುಂದೆ ಅವರು ಅಂಜದೆ ಇದ್ದುದರಿಂದ. ಅವರು ತೆಗೆದ ಮಕ್ಕಳ ಚಿತ್ರಗಳನ್ನು ಅಂತರರಾಷ್ಟ್ರೀಯ ಶಿಶುವರ್ಷವಾದ 1979ರಲ್ಲಿ ಯುನಿಸೆಫ್ ಸಂಸ್ಥೆ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿಯೇ ಪ್ರದರ್ಶಿಸಿತು. ಡಿಜಿಟಲ್ ಕ್ಯಾಮೆರಾ ಒಂದು ಹೊಸ ಸೌಜನ್ಯಕ್ಕೂ ಎಡೆ ಮಾಡಿಕೊಟ್ಟಿದೆ: ತೆಗೆದ ಚಿತ್ರವನ್ನು ಅಲ್ಲಿಯೇ ತೋರಿಸಬಹುದು, ಬೇಡವೆಂದರೆ ಅಲ್ಲಿಯೇ ಅಳಿಸಬಹುದು. ಕಳುಹಿಸುವೆನೆಂದು ಮಾತು ಕೊಟ್ಟ ಪ್ರತಿಯನ್ನು ತಪ್ಪದೆ ಕಳುಹಿಸುವುದು ಋಣ ತೀರಿಸಿದಂತೆ.

ಧೂಳು, ತಾಪ, ಮರೆವು

ಈ ಸೀಮೆಯಲ್ಲಿ ಕ್ಯಾಮೆರಾಕ್ಕೆ ಶತ್ರುಗಳು ಮೂವರು. ಮೊದಲನೆಯದು ಧೂಳು. ಒಕ್ಕಣೆಯ ಕಣದಲ್ಲಿ ಮಸೂರವನ್ನು ಬದಲಾಯಿಸಬಾರದು. ಬದಲಾಯಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿಯಬೇಕು. ಮಸೂರವನ್ನು ಸೆರಗಿನಿಂದಲೋ ಶಲ್ಯದ ತುದಿಯಿಂದಲೋ ಉಜ್ಜಿದರೆ ಧೂಳಿನ ಕಣವೇ ಗಾಜನ್ನು ಗೀರುತ್ತದೆ. ಮೊದಲು ಗಾಳಿಯೂದಿ, ಅನಂತರ ಮೃದುವಾದ ಬಟ್ಟೆ. ಎರಡನೆಯದು ತಾಪ. 40 ಡಿಗ್ರಿ ದಾಟುವ ಬೇಸಗೆಯಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಕ್ಯಾಮೆರಾವನ್ನು ಬಿಡುವುದೆಂದರೆ ಬ್ಯಾಟರಿಯನ್ನು ಒಲೆಯ ಪಕ್ಕದಲ್ಲಿಟ್ಟಂತೆ.

ಮೂರನೆಯದಾದ ಮರೆವು ಎಲ್ಲಕ್ಕಿಂತ ಕ್ರೂರ. ಹಳೆಯ ಕಾಲದ ಚಿತ್ರ ಟ್ರಂಕಿನ ತಳದಲ್ಲಿ ಐವತ್ತು ವರ್ಷ ಬಿದ್ದಿದ್ದರೂ ಎತ್ತಿ ನೋಡಿದರೆ ಕಾಣುತ್ತಿತ್ತು. ಇಂದಿನ ಚಿತ್ರ ಫೋನು ನೀರಿಗೆ ಬಿದ್ದ ದಿನವೇ ಮಾಯ. ಪ್ರತಿಯೊಂದು ಚಿತ್ರವೂ ಕನಿಷ್ಠ ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಪ್ರತಿ ಬೇರೊಂದು ಮನೆಯಲ್ಲಿ ಇರಬೇಕು. ವರ್ಷಕ್ಕೊಮ್ಮೆ, ದೀಪಾವಳಿಗೋ ಯುಗಾದಿಗೋ, ಮನೆಯವರೆಲ್ಲ ಕುಳಿತು ಸಾವಿರದಲ್ಲಿ ಇಪ್ಪತ್ತನ್ನು ಆರಿಸಿ ಕಾಗದದ ಮೇಲೆ ಅಚ್ಚಿಸಿಕೊಳ್ಳುವುದು ಉತ್ತಮ ಪದ್ಧತಿ. ಆರಿಸುವ ಕೆಲಸವೇ ಒಳ್ಳೆಯ ಶಿಕ್ಷಣ. ಯಾವುದು ಏಕೆ ಚೆನ್ನಾಗಿದೆ ಎಂಬುದು ಮಕ್ಕಳಿಗೂ ಆಗಲೇ ತಿಳಿಯುತ್ತದೆ.

ಅಚ್ಚಾದ ಚಿತ್ರದ ಬೆನ್ನಿಗೆ ಮೆದು ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆದಿಡಬೇಕು. ನಾಳೆ ಅದನ್ನು ಕೈಗೆತ್ತಿಕೊಳ್ಳುವ ಮೊಮ್ಮಗಳಿಗೆ ಕ್ಯಾಮೆರಾ ಯಾವುದೆಂಬ ಚಿಂತೆ ಇರುವುದಿಲ್ಲ. ಇವರು ಯಾರು, ಎಲ್ಲಿ ನಿಂತು ನಗುತ್ತಿದ್ದಾರೆ ಎಂದಷ್ಟೇ ಅವಳು ಕೇಳುತ್ತಾಳೆ.